ಹುಣಸೆ ಬೀಜದ ಅಂಟು

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಮುಂದೆ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕ ಇಲ್ಲ. ಹಿಂದೆ ಗಣಿ ಉದ್ಯಮಿಯೊಬ್ಬರ ಬಂಗಲೆ, 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಒಳಗೆ ಹೋಗಿದ್ದು ಮಾತ್ರ ಒಂದೇ ಸಲ, ಆಫೀಸಿನ ಗೆಳೆಯರ ಜೊತೆ. ಇಪ್ಪತ್ತು ನಿಮಿಷದಲ್ಲಿ ಎಲ್ಲಾ ಕೋಣೆ ಸುತ್ತಿ, ಮರದ ಕೆಳಗೆ ಸೆಲ್ಫಿ ತೆಗೆದು, ಕಾಫಿ ಕುಡಿದು ಬಂದಿದ್ವಿ. ಯಾವ ಚಿತ್ರ ನೋಡಿದೆ ಅಂತ ಕೇಳಿದ್ರೆ ಆವತ್ತೇ ಹೇಳೋಕೆ ಆಗ್ತಿರಲಿಲ್ಲ.

ಈ ಸಲ ಅಮ್ಮ ಊರಿಂದ ಬಂದಿದ್ರು. ಮಾಲ್ ನೋಡಿ ಅವರಿಗೂ ಸಾಕಾಗಿತ್ತು. ಸರಿ, ಗೈಡ್ ಜೊತೆ ಸುತ್ತಾಡಿಸ್ತಾರಂತೆ, ನೋಡೋಣ ಅಂತ ಕರಕೊಂಡು ಹೋದೆ.

ನಾವು ಹತ್ತು ಜನ ಇದ್ವಿ. ಗೈಡ್ ಹುಡುಗಿ ಮೊದಲು ಕೇಳಿದ್ದೇ, "ಕನ್ನಡವಾ, ಇಂಗ್ಲಿಷಾ?" ಅಂತ. ಎಲ್ಲರಿಗಿಂತ ಮುಂಚೆ "ಇಂಗ್ಲಿಷ್ ಓಕೆ" ಅಂದಿದ್ದು ನಾನೇ. ಪಕ್ಕದಲ್ಲಿದ್ದ ಅಮ್ಮನ್ನ ಕೇಳಲೂ ಇಲ್ಲ. ಮೀಟಿಂಗಲ್ಲಿ ಹೇಳಿ ಹೇಳಿ ಅಭ್ಯಾಸ.

ಗೈಡ್ ಇದ್ರೆ ಬದಲಾಗೋದು ಏನಂದ್ರೆ, ನೋಡೋ ಚಿತ್ರಗಳು ಕಮ್ಮಿ ಆಗ್ತವೆ. ಒಂದು ಗಂಟೆಗೆ ಏಳೋ ಎಂಟೋ, ಅಷ್ಟೇ. ಪಕ್ಕದಲ್ಲಿರೋ ಚೀಟಿ ಓದೋಕೆ ಬಿಡಲ್ಲ. ಮೊದಲು ಸುಮ್ಮನೆ ನಿಂತು ನೋಡಿ, ಏನು ಕಾಣ್ತಿದೆ ಹೇಳಿ ಅಂತಾಳೆ. ಮೊದಲ ಅರ್ಧ ನಿಮಿಷ ಕೈ ತಾನಾಗೇ ಫೋನ್ ಕಡೆ ಹೋಗುತ್ತೆ. ಆಮೇಲೆ ನಿಧಾನಕ್ಕೆ ಕಣ್ಣು ಕೆಲಸ ಶುರು ಮಾಡುತ್ತೆ.

ರವಿವರ್ಮನ ಮುಂದೆ ಅಮ್ಮ ಸೀರೆಯ ಅಂಚನ್ನೇ ನೋಡ್ತಾ ನಿಂತ್ರು. ಅವನ ಪ್ರೆಸ್ಸಿಂದ ಹೊರಬಂದ ಲಕ್ಷ್ಮಿ, ಸರಸ್ವತಿ ನಮ್ಮ ಎಷ್ಟೋ ದೇವರಮನೆಗಳಲ್ಲಿ ಇದ್ದಾರೆ, ಹಾಗಾಗಿ ಅಲ್ಲಿ ಅವರಿಗೆ ಯಾರ ವಿವರಣೆಯೂ ಬೇಕಿರಲಿಲ್ಲ. ಮುಂದೆ ಮುಂದೆ ಮಾತ್ರ ಸಪ್ಪಗಾದ್ರು. ಗುಂಪಿನ ಹಿಂದೆ ಉಳಿಯೋಕೆ ಶುರು ಮಾಡಿದ್ರು. ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗೋರು. ಅದನ್ನ ನೋಡಿದ ಮೇಲೆ ನನಗೆ ಚಿತ್ರ ನೋಡೋಕೇ ಆಗಲಿಲ್ಲ.

ಆಮೇಲೆ ಜಾಮಿನಿ ರಾಯ್ ಬಂದ್ರು. ಬಾದಾಮಿಯಂಥ ದೊಡ್ಡ ಕಣ್ಣು, ದಪ್ಪ ಕಪ್ಪು ಗೆರೆ, ನಾಲ್ಕೈದು ಬಣ್ಣ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪಾಶ್ಚಾತ್ಯ ಶೈಲಿ ಕಲಿತು, ಭಾವಚಿತ್ರ ಬರೆದು ಹೆಸರು ಮಾಡಿದ್ದ ಮನುಷ್ಯ. ಅದನ್ನೆಲ್ಲಾ ಬಿಟ್ಟು ಬಂಗಾಳದ ಹಳ್ಳಿ ಪಟಚಿತ್ರಗಳ ಕಡೆ ತಿರುಗಿದ್ರು. ಅಂಗಡಿ ಬಣ್ಣದ ಬದಲು ಮಣ್ಣು, ಸೀಮೆಸುಣ್ಣ, ನೀಲಿ, ದೀಪದ ಮಸಿ ಬಳಸಿದ್ರು. ಇವತ್ತು ಅವರ ಚಿತ್ರಗಳು ರಾಷ್ಟ್ರೀಯ ಸಂಪತ್ತು, ಇಲ್ಲಿರೋದನ್ನ ದೇಶದ ಹೊರಗೆ ಸಾಗಿಸೋ ಹಾಗಿಲ್ಲ.

"ಏನಂತೆ?" ಅಂತ ಅಮ್ಮ ಮೆಲ್ಲಗೆ ಕೇಳಿದ್ರು.

"ಬಣ್ಣನ ಹುಣಸೆ ಬೀಜದ ಅಂಟಲ್ಲಿ ಕಲೆಸ್ತಿದ್ರಂತೆ" ಅಂದೆ.

"ಹುಣಸೆ ಬೀಜನಾ!" ಅಂದ್ರು. ಇಡೀ ಕೋಣೆಗೆ ಕೇಳಿಸ್ತು.

ಅಮ್ಮನ ತವರು ಚಳ್ಳಕೆರೆ ಕಡೆ. ಅಜ್ಜ ಕಂಬಳಿ ನೇಯ್ತಿದ್ರು. ಗೈಡ್ ತಿರುಗಿ, ಅಚ್ಚ ಕನ್ನಡದಲ್ಲಿ "ಏನಮ್ಮಾ, ಗೊತ್ತಾ ನಿಮಗೆ?" ಅಂದಳು.

"ಗೊತ್ತಿಲ್ದೇ ಏನು! ಬೀಜ ಹುರಿದು, ಸಿಪ್ಪೆ ತೆಗೆದು, ನೆನೆ ಹಾಕಿ ಅರೀಬೇಕು. ಆಮೇಲೆ ಕುದಿಸ್ಬೇಕು. ನಮ್ಮ ಅಪ್ಪ ಉಣ್ಣೆ ನೂಲಿಗೆ ಅದನ್ನೇ ಹಾಕ್ತಿದ್ದದ್ದು. ಅರೆದೂ ಅರೆದೂ ನಮ್ಮ ರಟ್ಟೆ ಬಿದ್ದೋಗೋವು."

ಗೈಡ್ ಅದನ್ನ ಉಳಿದವರಿಗೆ ಇಂಗ್ಲಿಷಲ್ಲಿ ಹೇಳಿದಳು. ಯಾರೋ ಒಬ್ಬರು, ಹುರಿಯೋದು ಯಾಕೆ ಅಂತ ಕೇಳಿದ್ರು. ಸಿಪ್ಪೆ ಬಿಡಿಸೋಕೆ ಅಂತ ಅಮ್ಮ ಉತ್ತರ ಕೊಟ್ರು, ಗೈಡ್ ಅನುವಾದ ಮಾಡಿದಳು. ಅಲ್ಲಿಂದಾಚೆಗೆ ಎರಡೂ ಭಾಷೆ ನಡೀತು. ಗಂಟೆಯ ವಾಕ್ ಒಂದೂವರೆ ಗಂಟೆ ಆಯ್ತು. ನನಗೆ ಈ ಅರೆಯೋ ಕಥೆ ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದ್ಸಲವೂ ಕೇಳಿರಲಿಲ್ಲ.

ಹೋಗೋರು ಸೋಮವಾರ ಹೋಗಬೇಡಿ, ರಜೆ. ಗೈಡ್ ಯಾವಾಗ ಸಿಗ್ತಾರೆ, ಯಾವ ಭಾಷೆಯಲ್ಲಿ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಅಮ್ಮ ಮುಂದಿನ ತಿಂಗಳು ಮತ್ತೆ ಬರ್ತಾರೆ. ಚಿತ್ರಕಲಾ ಪರಿಷತ್ತಿನಲ್ಲಿ ತೊಗಲು ಗೊಂಬೆ, ಮೈಸೂರು ಶೈಲಿಯ ಚಿತ್ರ ಎಲ್ಲಾ ಇದಾವೆ ಅಂದೆ. ಬರ್ತೀನಿ, ಆದ್ರೆ ಒಂದು ಷರತ್ತು ಅಂದ್ರು.

"ಯಾವ ಭಾಷೆ ಅಂತ ಕೇಳಿದ್ರೆ ನೀನು ಬಾಯಿ ಹಾಕ್ಬೇಡ. ನಾನೇ ಹೇಳ್ತೀನಿ."