ಗೃಹಸಂಗ್ರಹವೂ ಆಪತ್ಕಾಲವೂ

ಮನೆಯಲ್ಲಿ ಕೂಡಿಸಿಡುವದೂ ಅಂಗಡಿಯನ್ನು ಬರಿದುಮಾಡುವದೂ ಒಂದೇ ಕೆಲಸವೆಂದು ಎಣಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಈ ಎರಡಕ್ಕೂ ಹಗಲಿರುಳಿನಷ್ಟು ಅಂತರವುಂಟೆಂಬದು ನಮ್ಮ ಅಭಿಪ್ರಾಯ. ನಮ್ಮ ಶಾಲೆಯನ್ನು ಬಿಟ್ಟು ನಾಳೆ ತಮ್ಮ ತಮ್ಮ ಮನೆಗಳನ್ನು ನಡಿಸಲಿರುವ ಬಾಲಿಕೆಯರೂ ಅವರ ತಾಯಂದಿರೂ ಈ ಸ್ಮರಣಸಂಚಿಕೆಯನ್ನು ಓದುವರಾದ್ದರಿಂದ, ಈ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವೆವು.

ನಮ್ಮ ದಕ್ಷಿಣ ಕನ್ನಡದಲ್ಲಿ ಜೂನ್ ತಿಂಗಳು ಕಾಲಿಡುವದಕ್ಕೆ ಮುಂಚೆ ಅಟ್ಟವು ತುಂಬಿರಬೇಕೆಂಬದು ಹಿಂದಿನವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿಗಳು, ಮುಡಿಯೊಂದಕ್ಕೆ 42 ಸೇರಿನಂತೆ, ಒಲೆಯ ಹೊಗೆ ತಾಗುವ ಹಾಗೆ ಅಟ್ಟದ ಮೇಲೆ ಕೂತಿರುತ್ತಿದ್ದವು. ತೊಲೆಗಳಿಗೆ ಬಾಳೆನಾರಿನ ಕುಣಿಕೆಯಲ್ಲಿ ಸೌತೆಕಾಯಿಗಳು ತೂಗುತ್ತಿದ್ದವು. ಭರಣಿಗಳಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಾವಿನ ಮಿಡಿ. ಡಬ್ಬಿಗಳಲ್ಲಿ ಹಲಸಿನ ಹಪ್ಪಳ, ಮಾಂಬಳ. ತಿನ್ನುವವರ ಮನೆಯಲ್ಲಿ ಒಣಮೀನು. ಕೊಟ್ಟಿಗೆಯ ಪಕ್ಕದಲ್ಲಿ ಸೌದೆ ಮತ್ತು ತೆಂಗಿನ ಮಡಲು. ಹೊಳೆ ಉಕ್ಕಿ ದೋಣಿ ನಿಂತುಹೋದರೂ ಆ ಮನೆಯ ಒಲೆಯು ಆರುತ್ತಿರಲಿಲ್ಲ. ಘಟ್ಟದ ಮೇಲಿನ ಬಯಲುಸೀಮೆಯವರು ಇದೇ ಉದ್ದೇಶದಿಂದ ನೆಲದೊಳಗೆ ಹಗೇವನ್ನು ತೋಡಿ, ರಾಗಿಯನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಯುತ್ತಿದ್ದರು. ರಾಗಿಗೆ ಹುಳು ಸುಲಭವಾಗಿ ಬೀಳದೆಂಬ ಗುಣವನ್ನು ಅವರು ಪುಸ್ತಕವನ್ನೋದಿ ತಿಳಿದವರಲ್ಲ.

ಜುಲೈ ತಿಂಗಳ ನಡುವಿನಿಂದ ಆಗಸ್ಟ್ ತಿಂಗಳ ನಡುವಿನ ವರೆಗಿನ ಆಟಿಯು ತುಳುನಾಡಿನ ಬಡವರಿಗೆ ಹಸಿವಿನ ತಿಂಗಳಾಗಿತ್ತು. ಹಳೆಯ ಅಕ್ಕಿ ತೀರುತ್ತಾ ಬಂದಿರುವದು, ಗದ್ದೆಯ ಪೈರು ಇನ್ನೂ ಹಸುರಾಗಿರುವದು, ಕೂಲಿಯೂ ಇಲ್ಲ. ಆಗ ತಗಟೆ ಸೊಪ್ಪು, ಕೆಸುವಿನ ಎಲೆ, ಕಣಿಲೆಗಳಿಂದಲೂ ಭರಣಿಯ ಉಪ್ಪುಸೊಳೆಯಿಂದಲೂ ದಿನ ಕಳೆಯುತ್ತಿದ್ದರು. ಈಗ ನಾವು ಆಟಿಡೊಂಜಿ ದಿನವೆಂದು ಸಭಾಂಗಣದಲ್ಲಿ ಸೇರಿ, ಪತ್ರೊಡೆಯನ್ನು ತಿಂದು, ಚಿತ್ರ ತೆಗೆಸಿಕೊಂಡು ಹೋಗುತ್ತೇವೆ. ತಪ್ಪೇನೂ ಇಲ್ಲ, ಪತ್ರೊಡೆಯು ರುಚಿಯಾದ ಪದಾರ್ಥವೇ. ಆದರೆ ಇದು ಪೇಟೆಯ ದಾರಿ ಮುಚ್ಚಿದ ದಿನಗಳ ಅಡಿಗೆಯೆಂದು ಹುಡುಗಿಯರಿಗೆ ಹೇಳುವವರು ಕಡಿಮೆ.

ದಾರಿ ಮುಚ್ಚುವ ಕಾಲವು ಮುಗಿದುಹೋಯಿತೆಂದು ತಿಳಿಯಬಾರದು. ನೇತ್ರಾವತಿಯು 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳದ ಪೇಟೆಯನ್ನು ಮುಳುಗಿಸಿದ್ದು ಹಳೆಯ ಸಂಗತಿಯೆನ್ನಬಹುದು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಸಂಪಾಜೆಯ ದಾರಿಯೂ ಶಿರಾಡಿ ಘಾಟಿಯೂ ಮುಚ್ಚಿದವು. ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ ರೈಲು ನಿಂತಿತು. ಮಾರನೆಯ ವರ್ಷ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಸೀಮೆಗಳ ಹಳ್ಳಿಗಳಿಗೆ ನುಗ್ಗಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮಣ್ಣಿನಡಿಯಾಯಿತು. ನಮ್ಮ ಮನೆಗಳು ಮಾತ್ರ ಮೊದಲಿಗಿಂತ ಬರಿದಾಗಿವೆ. ಎರಡು ದಿನದ ತರಕಾರಿ, ಒಂದು ಚೀಲ ಅಕ್ಕಿ, ಒಂದು ಗ್ಯಾಸಿನ ಸಿಲಿಂಡರು, ಮಿಕ್ಕದ್ದೆಲ್ಲ ಬೀದಿಯ ಕೊನೆಯ ಅಂಗಡಿಯಲ್ಲಿರುವದೆಂಬ ಧೈರ್ಯ.

ಈ ಧೈರ್ಯವು 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಒಡೆದುಹೋಯಿತು. ನಡುರಾತ್ರಿಯಿಂದ 21 ದಿನಗಳ ವರೆಗೆ ದೇಶವೆಲ್ಲ ಮನೆಯೊಳಗೇ ಇರತಕ್ಕದ್ದೆಂಬ ಅಪ್ಪಣೆಯನ್ನು ಕೇಳಿದೊಡನೆ ಊರೂರುಗಳಲ್ಲಿ ಜನರು ಅಂಗಡಿಗಳಿಗೆ ಓಡಿದರು. ಕಾರುಳ್ಳವರು ಹತ್ತು ಹತ್ತು ಕಿಲೋ ಬೇಳೆಯನ್ನು ಹೊತ್ತು ತಂದರು. ಅಂದಿನ ಕೂಲಿಯಿಂದ ಅಂದಿನ ಅಕ್ಕಿಯನ್ನು ಕೊಳ್ಳುವವನು ಬರುವಷ್ಟರಲ್ಲಿ ಹಲವು ಕಡೆ ಚೀಲದ ತಳ ಕಾಣುತ್ತಿತ್ತು. ಕಾರಿನವರು ದುಷ್ಟರಲ್ಲ, ಮಕ್ಕಳಿರುವ ಮನೆಯವರು, ಹೆದರಿದವರು. ಆದರೂ ಅವರು ಮಾಡಿದ್ದು ಸಂಗ್ರಹವಲ್ಲ. ಸುಭಿಕ್ಷದ ತಿಂಗಳಲ್ಲಿ ವಾರಕ್ಕೊಂದು ಸೇರನ್ನು ಹೆಚ್ಚಾಗಿ ಕೊಂಡರೆ ಅಂಗಡಿಯವನು ಮತ್ತಷ್ಟು ತರಿಸುತ್ತಾನೆ, ಯಾರ ತುತ್ತಿಗೂ ಕೊರತೆಯಾಗದು. ಕೊರತೆಯ ದಿನದಲ್ಲಿ ಕೊಂಡ ಅದೇ ಸೇರು ನೆರೆಯವಳ ಮಡಕೆಯಿಂದ ತೆಗೆದದ್ದಾಗಿರುವದು. ಅಕ್ಕಿ ಒಂದೇ, ಹಣವೂ ಒಂದೇ. ಬೇರೆಯಾದದ್ದು ಕೊಂಡ ದಿನ.

ಇದು ಅತಿಯಾದ ಮಾತೆಂದು ತೋರುವವರು 1943ರ ಬಂಗಾಳವನ್ನು ಜ್ಞಾಪಿಸಿಕೊಳ್ಳಲಿ. ಜಪಾನಿಯರು 1942ರಲ್ಲಿ ಬರ್ಮಾದೇಶವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತಿತು. ಯುದ್ಧದ ಖರ್ಚಿನಿಂದ ಬೆಲೆಗಳೇರಿದವು. ಇನ್ನೂ ಏರುವದೆಂಬ ಭಯದಿಂದಲೂ ಆಶೆಯಿಂದಲೂ ಹಲವರು ಧಾನ್ಯವನ್ನು ಬಚ್ಚಿಟ್ಟರು. ಸರಕಾರದ ವಿಚಾರಣಾ ಮಂಡಲಿಯೇ ಸತ್ತವರು ಸುಮಾರು 15 ಲಕ್ಷವೆಂದು ಎಣಿಸಿತು; ಅದರ ಇಮ್ಮಡಿಯೆಂದು ಆಮೇಲಿನ ವಿದ್ವಾಂಸರಲ್ಲಿ ಹಲವರ ಮತ. ಅಮರ್ತ್ಯ ಸೇನರು ಚಿಕ್ಕವರಾಗಿದ್ದಾಗ ಆ ಕ್ಷಾಮವನ್ನು ಕಂಡವರು. ಬಂಗಾಳದಲ್ಲಿ ಧಾನ್ಯವು ಅಷ್ಟೊಂದು ಕಡಿಮೆಯಾಗಿರಲಿಲ್ಲ, ಬಡವನ ಕೈಗೆ ಅದನ್ನು ಕೊಳ್ಳುವ ಶಕ್ತಿಯೇ ಹೋಗಿತ್ತೆಂದು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು.

ನಾಳೆಯ ಚಿಂತೆ ಬೇಡವೆಂಬ ಉಪದೇಶಕ್ಕೆ ಸಂಗ್ರಹವೇ ವಿರೋಧವಲ್ಲವೇ ಎಂದು ನಮ್ಮನ್ನು ಕೇಳುವವರೂ ಇದ್ದಾರೆ. ಐಗುಪ್ತದಲ್ಲಿ ಯೋಸೇಫನು ಏಳು ಒಳ್ಳೆಯ ವರ್ಷಗಳ ಬೆಳೆಯಲ್ಲಿ ಐದರಲ್ಲೊಂದು ಪಾಲನ್ನು ಕಣಜಗಳಲ್ಲಿಡಿಸಿದನು. ತನ್ನ ಕಣಜಗಳನ್ನು ಕೆಡವಿ ದೊಡ್ಡವುಗಳನ್ನು ಕಟ್ಟಿಸಹೊರಟ ಐಶ್ವರ್ಯವಂತನ ಕಥೆಯೂ ಸುವಾರ್ತೆಯಲ್ಲುಂಟು. ಕೂಡಿಸಿದವರು ಇಬ್ಬರೂ; ಬರದಲ್ಲಿ ಬಾಗಿಲನ್ನು ತೆರೆದವನು ಒಬ್ಬನೇ.

ಹಾಗಾದರೆ ಮನೆಯಲ್ಲಿ ಎಷ್ಟಿರಬೇಕು? ಎರಡು ವಾರಗಳಿಗೆ ಸಾಕಾಗುವಷ್ಟೆಂಬದು ನಮ್ಮ ಲೆಕ್ಕ. ಐದು ಮಂದಿಯ ಮನೆಗೆ ತಲೆಗೆ 300 ಗ್ರಾಮಿನಂತೆ ಹಿಡಿದರೆ ಅಕ್ಕಿ 21 ಕಿಲೋ, ಅದಕ್ಕೆ ತಕ್ಕಷ್ಟು ಬೇಳೆ, ಹುರುಳಿ, ಎಣ್ಣೆ, ಉಪ್ಪು, ಬೆಲ್ಲ. ಅದಕ್ಕೂ ಮೀರಿ ವರ್ಷಗಟ್ಟಲೆಯ ಕಷ್ಟವನ್ನು ಒಂದು ಮನೆಯು ತಾನೇ ತಡೆಯಲಾರದು. 1876ರಿಂದ 1878ರ ವರೆಗಿನ ಧಾತು-ಈಶ್ವರ ಬರಗಾಲದಲ್ಲಿ ಹಗೇವುಗಳ ನಾಡೇ ಹಸಿದು ಸತ್ತಿತು. ಅಂಥಾದ್ದಕ್ಕೆ ಸರಕಾರವೇ ಬೇಕು. ಈ ಎರಡು ವಾರದ ಪದಾರ್ಥವು ಬೀಗ ಹಾಕಿದ ನಿಧಿಯಾಗಿರಕೂಡದು. ಮುಚ್ಚಳದ ಮೇಲೆ ತಿಂಗಳನ್ನು ಬರೆದು, ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಇಟ್ಟು, ದಿನದ ಅಡಿಗೆಗೆ ಮುಂದಿನದನ್ನೇ ತೆಗೆಯುತ್ತಾ ಬಂದರೆ ಯಾವದೂ ಮುಗ್ಗಾಗದು. ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆಯನ್ನು ಸವರುವದು, ಅಕ್ಕಿಯಲ್ಲಿ ಒಣಮೆಣಸಿನಕಾಯಿಯನ್ನು ಇಡುವದು, ಏಪ್ರಿಲ್ ಬಿಸಿಲಿಗೆ ಬೇಳೆಕಾಳುಗಳನ್ನು ಹರವುವದು, ಇವುಗಳನ್ನು ಅಜ್ಜಿಯಂದಿರಿಂದ ಕೇಳಿ ಬರೆದುಕೊಳ್ಳಿರಿ.

ಕೂಲಿಯವರ ಮನೆಯಲ್ಲಿ ಇಪ್ಪತ್ತೊಂದು ಕಿಲೋ ಅಕ್ಕಿಯನ್ನು ಒಮ್ಮೆಗೆ ಯಾರು ಕೊಳ್ಳುವರು? ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ಅಂಥಾ ಮನೆಗಳಿಂದ ಬರುವವರಾದ್ದರಿಂದ ಈ ಪ್ರಶ್ನೆಯನ್ನು ದಾಟಿಹೋಗಲಾರೆವು. ನಮ್ಮ ಸಭೆಗಳ ಸ್ತ್ರೀಯರಲ್ಲಿ ಹಿಡಿಯಕ್ಕಿಯೆಂಬ ಹಳೆಯ ಪದ್ಧತಿಯುಂಟು. ಅನ್ನಕ್ಕೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿ, ಕೂಡಿದ್ದನ್ನು ಬಡವರಿಗೋ ಸಭೆಯ ಕೆಲಸಕ್ಕೋ ಕೊಡುವದು. ಅದೇ ಪಾತ್ರೆಯನ್ನು ಮನೆಯ ಆಪತ್ತಿಗೂ ಇಡಬಹುದು. ಹಿಡಿಯೊಂದಕ್ಕೆ 40 ಗ್ರಾಮು ಹಿಡಿದರೂ ದಿನಕ್ಕೆರಡು ಹಿಡಿಯಂತೆ ತಿಂಗಳಿಗೆ 2 ಕಿಲೋ 400 ಗ್ರಾಮು ಆಗುವದು; ಜನವರಿಯಲ್ಲಿ ತೊಡಗಿದವಳಿಗೆ ಮೇ ತಿಂಗಳ ಕೊನೆಗೆ 12 ಕಿಲೋ. ಉಂಡವರಿಗೆ ಆ ಎರಡು ಹಿಡಿಗಳ ಕೊರತೆಯು ಬಹಳವಾಗಿ ತಿಳಿಯದು. ಅದೂ ಸಾಧ್ಯವಿಲ್ಲದ ಮನೆಗಳಿವೆ. ಅಂಥವರ ಪಾಲನ್ನು ಉಳಿದವರ ಭರಣಿಗಳು ಹೊರತಕ್ಕದ್ದೆಂದೇ ನಾವು ಎಣಿಸುತ್ತೇವೆ. ಎರಡು ವಾರದ ಲೆಕ್ಕವನ್ನು ಬರೆಯುವಾಗ ಮನೆಯ ಐವರ ಜೊತೆಗೆ ಆರನೆಯವರೊಬ್ಬರನ್ನು ಸೇರಿಸಿ ಬರೆಯಿರಿ.

ನೀರಿನ ವಿಷಯದಲ್ಲಿ ನಮಗೆ ಅನ್ನಕ್ಕಿಂತ ಹೆಚ್ಚು ಕಳವಳ. ಮನೆಗೊಂದು ಬಾವಿಯಿರುವ ಸೀಮೆ ನಮ್ಮದು. ಮಳೆಗಾಲದಲ್ಲಿ ಕೈಯಿಂದ ಮೊಗೆಯಬಹುದಾದಷ್ಟು ನೀರು ಮೇಲೆ ಬಂದಿರುವದು. ಆದರೂ ಗಾಳಿಗೆ ಕಂಬಗಳು ಬಿದ್ದು ಮೂರು ದಿನ ಕರೆಂಟು ಇಲ್ಲವೆಂದಾದರೆ, ಬಾವಿಯ ಕಟ್ಟೆಯ ಮೇಲೆ ಕೂತು ನೀರಿಗಾಗಿ ಪರದಾಡುವ ಮನೆಗಳನ್ನು ನಾವು ಕಂಡಿದ್ದೇವೆ. ಪಂಪು ಬಂದ ವರ್ಷ ರಾಟೆಯನ್ನು ಕಳಚಿ ಗುಜರಿಗೆ ಕೊಟ್ಟರು. ಹಗ್ಗವು ಬಟ್ಟೆ ಒಣಗಿಸುವದಕ್ಕೆ ಹೋಯಿತು. ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆಯನ್ನು ಕೂರಿಸಿ ಬೆಸುಗೆ ಹಾಕಿಸಿದರು. ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಕೊಳ್ಳುವ ಮೊದಲು ಒಂದು ರಾಟೆ, ಒಂದು ಗಟ್ಟಿ ಹಗ್ಗ, ಒಂದು ಕೊಡಪಾನ ಮತ್ತು ತೆರೆಯಬಲ್ಲ ಜಾಳಿಗೆ, ಇಷ್ಟನ್ನು ಮಾಡಿಸಿರಿ. ಕುಡಿಯುವದಕ್ಕೂ ಅಡಿಗೆಗೂ ತೊಳೆಯುವದಕ್ಕೂ ಸೇರಿ ಆಪತ್ಕಾಲದಲ್ಲಿ ಒಬ್ಬರಿಗೆ ದಿನವೊಂದಕ್ಕೆ ಕನಿಷ್ಠ 15 ಲೀಟರು ಬೇಕೆಂದು ಸಂತ್ರಸ್ತರ ಸೇವೆಯಲ್ಲಿ ನುರಿತವರು ಗೊತ್ತುಮಾಡಿದ್ದಾರೆ. ಐವರಿಗೆ ಮೂರು ದಿನಕ್ಕೆ 225 ಲೀಟರು. ಅದನ್ನೆಲ್ಲ ಹಂಡೆಯಲ್ಲಿ ತುಂಬಿಡುವದು ಪ್ರಯಾಸ, ಸೇದುವದು ಸುಲಭ. ನೆರೆಯ ನೀರು ಸೇರಿದ ಬಾವಿಯ ನೀರನ್ನಾದರೋ ಕುದಿಸದೆ ಕುಡಿಯಕೂಡದು. ಭೇದಿಯಾದ ಮಗುವಿಗೆ ವೈದ್ಯರು ಸಿಗುವ ವರೆಗೆ ಕುದಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಆರು ಸಮಚಮಚೆ ಸಕ್ಕರೆಯನ್ನೂ ಅರ್ಧ ಚಮಚೆ ಉಪ್ಪನ್ನೂ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು. ಈ ಅಳತೆಯನ್ನು ನಮ್ಮ ಎಂಟನೆಯ ತರಗತಿಯ ಬಾಲಿಕೆಯರು ನಿದ್ದೆಯಲ್ಲಿಯೂ ಹೇಳಬಲ್ಲರು.

ಔಷಧಗಳು ಮುಗಿಯುವದಕ್ಕೆ ಎರಡು ವಾರ ಮೊದಲೇ ಮುಂದಿನದನ್ನು ತರಿಸುವದು ಒಳ್ಳೆಯದು. ಫ್ರಿಜ್ಜು ನಿಂತುಹೋದಾಗ ಇನ್ಸುಲಿನ್ ಶೀಶೆಯನ್ನು ತಂಪಾಗಿಡಲು ಹಸಿ ಮರಳಿನ ನಡುವೆ ಕೂರಿಸಿದ ಮಣ್ಣಿನ ಮಡಕೆಯು ಪ್ರಯೋಜನಕ್ಕೆ ಬರುವದು. ರೇಷನ್ ಕಾರ್ಡು, ಆಧಾರ್, ಪಹಣಿ, ಮಕ್ಕಳ ಅಂಕಪಟ್ಟಿಗಳು ನೀರು ಹೋಗದ ಒಂದೇ ಚೀಲದಲ್ಲಿ ಬಾಗಿಲಿಗೆ ಹತ್ತಿರವಾಗಿರಲಿ. ನಕಲುಗಳನ್ನು ಡಿಜಿಲಾಕರಿನಲ್ಲಿಯೂ ಇಡಬಹುದು. ತುರ್ತಿಗೆ 112, ಗ್ಯಾಸು ಸೋರಿದರೆ 1906, ಜಿಲ್ಲಾ ಸಹಾಯವಾಣಿಗೆ 1077, ಈ ಅಂಕಿಗಳನ್ನು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆದಿಡಿರಿ. ಮೊಬೈಲಿನೊಳಗೆ ಬರೆದಿಟ್ಟದ್ದು ಮೊಬೈಲು ಆರಿದಾಗ ಕಾಣದು.

ಇನ್ನು ಒಂದೇ ಮಾತು. ಅನೇಕ ಮನೆಗಳಲ್ಲಿ ಇವೆಲ್ಲವುಗಳ ಲೆಕ್ಕವು ತಾಯಿಯೊಬ್ಬಳ ತಲೆಯಲ್ಲಿರುವದು. ಬೆಂಕಿಪೆಟ್ಟಿಗೆ ಎಲ್ಲಿ, ಗ್ಯಾಸಿನ ತಿರುಪನ್ನು ಯಾವ ಕಡೆಗೆ ತಿರುಗಿಸಬೇಕು, ಅಜ್ಜನ ಮಾತ್ರೆ ಯಾವ ಡಬ್ಬಿಯಲ್ಲಿ ಎಂಬದನ್ನು ತಂದೆಯೂ ಗಂಡುಮಕ್ಕಳೂ ಅರಿಯರು. ಆಕೆಯೇ ಜ್ವರದಿಂದ ಮಲಗಿದ ದಿನ ಮನೆ ಕುರುಡಾಗುವದು. ಇದನ್ನು ಹೆಂಗಸಿನ ಕೆಲಸವೆಂದು ಬಿಟ್ಟುಬಿಡುವವರನ್ನು ನಾವು ಒಪ್ಪೆವು. ಆದದರಿಂದ ಈ ಬೇಸಿಗೆಯ ರಜೆಗೆ ಹೋಗುವ ಪ್ರತಿಯೊಬ್ಬ ಬಾಲಿಕೆಗೂ ಒಂದು ಬರವಣಿಗೆಯ ಕೆಲಸವನ್ನು ಕೊಡಲಿದ್ದೇವೆ: ತನ್ನ ಮನೆಯಲ್ಲಿ ಏನೇನು ಎಷ್ಟೆಷ್ಟಿದೆ, ಎಲ್ಲಿದೆ ಎಂಬದನ್ನು ಒಂದು ಹಾಳೆಯಲ್ಲಿ ಬರೆದು, ತಂದೆಗೋ ಅಣ್ಣತಮ್ಮಂದಿರಲ್ಲಿ ಒಬ್ಬರಿಗೋ ತೋರಿಸಿ, ಅವರ ರುಜುವನ್ನು ಪಡೆದು ತರತಕ್ಕದ್ದು. ಹಾಳೆಗಳನ್ನು ಜೂನ್ ತಿಂಗಳ ಮೊದಲನೆಯ ವಾರದಲ್ಲಿ ಗೃಹವಿಜ್ಞಾನದ ಶಿಕ್ಷಕಿಯರು ನೋಡುವರು. ಬಾವಿಯುಳ್ಳ ಮನೆಯವರು ಹಗ್ಗದ ಉದ್ದವನ್ನೂ ಅದರಲ್ಲಿ ಬರೆಯಬೇಕು.