ಮಂಡಳಿಗಳ ಖಾಲಿ ಜಾಗ ಖಾಲಿಯಲ್ಲ

2023ರ ನವೆಂಬರ್ 1ರಂದು ನಾಡು ರಾಜ್ಯೋತ್ಸವದ ಸಡಗರದಲ್ಲಿದ್ದಾಗ, ಬೆಂಗಳೂರಿನ ಕೂಡ್ಲು ಗೇಟ್ ಬಳಿಯ ಕೈಗಾರಿಕಾ ಪ್ರದೇಶದಲ್ಲಿ ಚಿರತೆಯೊಂದು ಸತ್ತಿತು. ಕೆಲವು ದಿನಗಳಿಂದ ಸಿಂಗಸಂದ್ರ, ಕೂಡ್ಲು ಸುತ್ತಮುತ್ತ ಕಾಣಿಸಿಕೊಂಡಿದ್ದ ಆ ಪ್ರಾಣಿ, ಸೆರೆ ಹಿಡಿಯುವ ಕಾರ್ಯಾಚರಣೆಯ ವೇಳೆ ಗುಂಡೇಟಿಗೆ ಬಲಿಯಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಟೋಲ್ ಬಳಿ ಮತ್ತೊಂದು ಚಿರತೆ ಸಿಸಿಟಿವಿ ಕ್ಯಾಮೆರಾಕ್ಕೆ ಸಿಕ್ಕಿತು. ಎರಡೂ ಸಲ ಜನ ಕೇಳಿದ್ದು ಒಂದೇ ಪ್ರಶ್ನೆ: ಐಟಿ ಕಂಪನಿಗಳ ನಡುವೆ ಚಿರತೆ ಎಲ್ಲಿಂದ ಬಂತು?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚು ಇಲ್ಲಿಂದ ಹತ್ತು–ಹನ್ನೆರಡು ಕಿ.ಮೀ. ದೂರದಲ್ಲಿದೆ. ಚಿರತೆಗೆ ಅದು ಒಂದು ರಾತ್ರಿಯ ನಡಿಗೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ಕ್ಯಾಮೆರಾ ಟ್ರ್ಯಾಪ್ ಅಳವಡಿಸಿ ನಡೆಸಿದ, 2025ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಬೆಂಗಳೂರಿನ ಸುತ್ತ 80ರಿಂದ 85 ಚಿರತೆಗಳಿವೆ. ಅವುಗಳಲ್ಲಿ ಸುಮಾರು 30 ಇರುವುದು ಉದ್ಯಾನದ ಹೊರಗೆ. ಮನುಷ್ಯರ ಕಣ್ಣಿಗೆ ಬೀಳದೆ ಇಷ್ಟು ಪ್ರಾಣಿಗಳು ಬದುಕುತ್ತಿವೆ ಎಂದರೆ, ಅವುಗಳಿಗೆ ಮರೆಯಾಗಿ ಒದಗುವ ನೆಲ ಇನ್ನೂ ಅಲ್ಲಲ್ಲಿ ಉಳಿದಿದೆ ಎಂದೇ ಅರ್ಥ.

ಆ ನೆಲದ ಒಂದು ಪಾಲಿಗೆ ಒಡೆಯರು ನಾವೇ. ಜಲಮಂಡಳಿಯ ಶುದ್ಧೀಕರಣ ಘಟಕಗಳ ಹಿಂದಿನ ಕುರುಚಲು, ಕೆಪಿಟಿಸಿಎಲ್ ಉಪಕೇಂದ್ರಗಳ ಬೇಲಿಯೊಳಗಿನ ಹುಲ್ಲು, ಕೆಐಎಡಿಬಿ ಇನ್ನೂ ಯಾರಿಗೂ ಹಂಚದ ಜಾಗ, ಕೆರೆಯಂಗಳ, ರಾಜಕಾಲುವೆಯ ಅಂಚು– ಇವೆಲ್ಲ ಸಾರ್ವಜನಿಕ ಸೇವೆಗೆಂದು ಪಡೆದ, ಸಾರ್ವಜನಿಕರ ಆಸ್ತಿ. ಕಡತದಲ್ಲಿ ಇವಕ್ಕೆ ‘ಖಾಲಿ ಜಾಗ’ ಎಂಬ ಹೆಸರು. ಉಡ, ಮುಂಗುಸಿ, ಕಾಡುಬೆಕ್ಕು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಬದುಕುವುದು ಇಂಥ ಜಾಗದಲ್ಲೇ. ಮಂಡಳಿಗೆ ದುಡ್ಡಿನ ಅಡಚಣೆ ಬಂದ ದಿನ, ಇಲ್ಲವೇ ಹೊಸ ಯೋಜನೆಗೆ ಜಾಗ ಬೇಕಾದ ದಿನ ಮೊದಲು ಕೈ ಹಾಕುವುದೂ ಇದಕ್ಕೇ.

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನ ಫಲವಾಗಿ, ಸುಮಾರು 332 ಎಕರೆಯಲ್ಲಿ. ಆಗ ಸುತ್ತಲೂ ಇದ್ದದ್ದು ರಾಗಿ ಹೊಲ, ಗೋಮಾಳ ಮತ್ತು ದೊಡ್ಡತೋಗೂರು, ವೀರಸಂದ್ರ, ಹೆಬ್ಬಗೋಡಿಯಂಥ ಕೆರೆಗಳು. ಹೊಲಗಳು ಬಡಾವಣೆಗಳಾದವು, ಗೋಮಾಳ ಕರಗಿತು. 2020ರಲ್ಲಿ ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯವನ್ನು, ಕರಡಿನಲ್ಲಿದ್ದ 268.96 ಚದರ ಕಿ.ಮೀ.ನಿಂದ 168.84 ಚದರ ಕಿ.ಮೀ.ಗೆ ಇಳಿಸಲಾಯಿತು. ಕಾಡಿಗೂ ನಗರಕ್ಕೂ ನಡುವಿನ ರಕ್ಷಾಪಟ್ಟಿ ಹೀಗೆ ಕಿರಿದಾದ ಮೇಲೆ, ಮಂಡಳಿಗಳ ಕೈಯಲ್ಲಿ ಉಳಿದ ತುಂಡು ಭೂಮಿಯ ಬೆಲೆ ಇಮ್ಮಡಿಯಾಗಿದೆ. ನಾನು ಹೇಳುತ್ತಿರುವುದು ಎಕರೆಗೆ ಇಷ್ಟು ಕೋಟಿ ಎಂಬ ಬೆಲೆಯನ್ನಲ್ಲ.

ಸೇವೆಗೆಂದು ಕಟ್ಟಿದ್ದು ಜೀವಿಗಳಿಗೂ ನೆಲೆಯಾಗುವುದು ಕರ್ನಾಟಕಕ್ಕೆ ಹೊಸದಲ್ಲ. ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದು ನೀರಾವರಿಗಾಗಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿಂದ. ಸಲೀಂ ಅಲಿ ಅವರ ಮಾತಿಗೆ ಬೆಲೆ ಕೊಟ್ಟು ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮವಾಗಿಸಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ನೀರಾವರಿ ಕೆರೆಯೇ. ಸುಮಾರು 98 ಹೆಕ್ಟೇರ್‌ನ ಆ ಕೆರೆ ಮೊದಲು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಜತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಲಂಡನ್ನಿನ ವಾಲ್ತಮ್‌ಸ್ಟೊದಲ್ಲಿ ನಗರಕ್ಕೆ ಕುಡಿಯುವ ನೀರು ಕೊಡುತ್ತಿರುವ ಹತ್ತು ಜಲಾಶಯಗಳ ಪ್ರದೇಶ, 2017ರಿಂದ ಜನರಿಗೂ ತೆರೆದ ಜೌಗು ಜೀವಿಧಾಮವಾಗಿದೆ. ನೀರು ಸರಬರಾಜು ಅದರಿಂದ ನಿಂತಿಲ್ಲ.

ಇದಕ್ಕೆ ಬೇಕಾದ ಕಾನೂನೂ ನಮ್ಮಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಮೂಲಕ ಸೇರಿದ 36ಎ ಸೆಕ್ಷನ್, ಸರ್ಕಾರದ ಒಡೆತನದ ಯಾವುದೇ ಪ್ರದೇಶವನ್ನು, ಅದರಲ್ಲೂ ರಾಷ್ಟ್ರೀಯ ಉದ್ಯಾನಗಳ ಪಕ್ಕದ ಭೂಮಿಯನ್ನು, ಸ್ಥಳೀಯರೊಂದಿಗೆ ಸಮಾಲೋಚಿಸಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿಗೂ ಸ್ಥಾನವಿದೆ. ಹೆಸರಘಟ್ಟ ಹುಲ್ಲುಗಾವಲು ಉಳಿಯುವ ಹಾದಿ ಹಿಡಿದದ್ದು ಇದೇ ಸೆಕ್ಷನ್‌ನ ಬಲದಿಂದ. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿದ್ದ ಆ ಮೀಸಲು ಪ್ರದೇಶದ ಪ್ರಸ್ತಾವ, ಜನರ ಪಟ್ಟಿನ ಹೋರಾಟದ ನಂತರ 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿಯ ಒಪ್ಪಿಗೆ ಪಡೆಯಿತು. ಅಲ್ಲಿನ 5,000ಕ್ಕೂ ಹೆಚ್ಚು ಎಕರೆ ಭೂಮಿಯಲ್ಲಿ ದೊಡ್ಡ ಪಾಲು ಅರಣ್ಯ ಇಲಾಖೆಯದಲ್ಲ, ಪಶುಸಂಗೋಪನೆಯಂಥ ಇಲಾಖೆಗಳದ್ದು.

ನಿಗಮ–ಮಂಡಳಿಗಳ ಹೆಸರಿನಲ್ಲಿರುವ ಭೂಮಿ ‘ಸರ್ಕಾರದ ಒಡೆತನ’ದ ವ್ಯಾಖ್ಯೆಗೆ ಬರುವುದಿಲ್ಲ ಎಂಬ ತಕರಾರು ಏಳಬಹುದು. ಅಂಥ ಕಡೆ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ನೆರವಿಗೆ ಬರುತ್ತದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಈ ಸೆಕ್ಷನ್‌ನಡಿ. ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 8.61 ಎಕರೆಯನ್ನು ವಾಣಿಜ್ಯ ಬಳಕೆಗೆ ಕೊಡುವ ಯೋಜನೆಗೆ 2025ರಲ್ಲಿ ನಾಗರಿಕರು ಅಡ್ಡನಿಂತಾಗ ಸರ್ಕಾರ ಮೊರೆಹೋದದ್ದೂ ಇದಕ್ಕೇ. ಆದರೆ ಎರಡೂ ಪ್ರಕರಣಗಳಲ್ಲಿ, ಹೆಸರಘಟ್ಟದಲ್ಲೂ ಕಂಟೋನ್ಮೆಂಟ್‌ನಲ್ಲೂ, ಜನ ಎದ್ದುನಿಂತ ಮೇಲಷ್ಟೇ ಆಡಳಿತ ಕದಲಿತು. ಕೊಡಲಿ ಎತ್ತಿದ ಮೇಲೆ ಮರ ಎಣಿಸುವ ಈ ಪದ್ಧತಿ ನಿಲ್ಲಬೇಕು.

ಹಾಗಾಗಿ ಮೊದಲ ಕೆಲಸ ದಾಖಲೆಯದು. ಎಲೆಕ್ಟ್ರಾನಿಕ್ ಸಿಟಿಗೆ ಹೊಂದಿಕೊಂಡ ಆನೇಕಲ್ ತಾಲ್ಲೂಕಿನಲ್ಲಿ ಜಲಮಂಡಳಿ, ಕೆಪಿಟಿಸಿಎಲ್, ಬೆಸ್ಕಾಂ, ಕೆಐಎಡಿಬಿ ಮತ್ತು ಸಣ್ಣ ನೀರಾವರಿ ಇಲಾಖೆಯ ಕಟ್ಟಡವಿಲ್ಲದ ಭೂಮಿ ಎಷ್ಟಿದೆ, ಎಲ್ಲಿದೆ, ಅಲ್ಲಿ ಏನು ಬದುಕುತ್ತಿದೆ ಎಂಬ ನಕ್ಷೆ ಸಾರ್ವಜನಿಕರಿಗೆ ಸಿಗುವಂತಾಗಬೇಕು. ಜೀವವೈವಿಧ್ಯ ನಿರ್ವಹಣಾ ಸಮಿತಿಯ ವರದಿ ಇಲ್ಲದೆ ಅಂಥ ಭೂಮಿಯ ಒಂದು ಗುಂಟೆಯನ್ನೂ ಪರಭಾರೆ ಮಾಡಬಾರದು. 2013ರಿಂದ ಎಲೆಕ್ಟ್ರಾನಿಕ್ ಸಿಟಿಯ ಆಡಳಿತ ನೋಡಿಕೊಳ್ಳುತ್ತಿರುವ, ಆಸ್ತಿ ತೆರಿಗೆಯನ್ನೂ ಸಂಗ್ರಹಿಸುವ ಎಲ್ಸಿಟಾಕ್ಕೆ ಇದರಲ್ಲಿ ಮುಂದಾಳಾಗುವ ಶಕ್ತಿ ಇದೆ.

ಎರಡನೆಯದು ಜೋಡಣೆ. ನಗರದ ಮಾಸ್ಟರ್ ಪ್ಲಾನ್ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಹಂತದ್ದಕ್ಕೆ 25 ಮೀಟರ್ ಬಫರ್ ಗುರುತಿಸಿದೆ. ಕೆರೆಯಿಂದ ಕೆರೆಗೆ ನೀರು ಹರಿಯುವ ಈ ದಾರಿಯಲ್ಲೇ ಪ್ರಾಣಿಗಳೂ ಸಾಗಬಲ್ಲವು. 220 ಕೆ.ವಿ. ವಿದ್ಯುತ್ ಮಾರ್ಗಕ್ಕೆ 35 ಮೀಟರ್ ಅಗಲದ ಪಟ್ಟಿ ಬೇಕು. ಕಿಲೊಮೀಟರ್‌ಗೆ ಎಂಟೂವರೆ ಎಕರೆಗೂ ಮಿಗಿಲು. ತಂತಿ ಹಾದುಹೋಗುವ ನೆಲ ಬಹುಪಾಲು ಖಾಸಗಿಯವರದ್ದು, ನಿಜ. ಆದರೆ ಮಂಡಳಿಯ ಸ್ವಂತ ಆವರಣದಲ್ಲಿ, ಸರ್ಕಾರಿ ಜಮೀನಿನಲ್ಲಿ ಹಾದುಹೋಗುವಷ್ಟು ಪಟ್ಟಿಯನ್ನಾದರೂ ಗಿಡ್ಡ ಪೊದೆ, ಹುಲ್ಲಿಗೆ ಬಿಡಬಹುದು. ಬೆಲ್ಜಿಯಂ ಮತ್ತು ಫ್ರಾನ್ಸ್‌ನ ವಿದ್ಯುತ್ ಪ್ರಸರಣ ಸಂಸ್ಥೆಗಳು ಕಾಡಿನ ನಡುವಿನ ತಮ್ಮ ಮಾರ್ಗಗಳಲ್ಲಿ 2011ರಿಂದ 2017ರವರೆಗೆ ಇದನ್ನು ಮಾಡಿ ತೋರಿಸಿವೆ.

ಮೂರನೆಯದು ಸಂಯಮ. ನಮ್ಮಲ್ಲಿ ಕೆರೆ ಅಭಿವೃದ್ಧಿ ಎಂದರೆ ಜೊಂಡು ಕಿತ್ತು, ದಡಕ್ಕೆ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿ, ರಾತ್ರಿಯಿಡೀ ದೀಪ ಉರಿಸುವುದು. ಖಾಲಿ ಜಾಗದ ಹಸಿರೀಕರಣ ಎಂದರೆ ಹುಲ್ಲಿನ ಮೇಲೆ ಗುಂಡಿ ತೋಡಿ ಸಸಿ ನೆಡುವುದು. ಇವೆರಡೂ ಅಲ್ಲಿ ಈಗಾಗಲೇ ಇರುವ ಜೀವವನ್ನು ಓಡಿಸುತ್ತವೆ. ದಡದ ಒಂದು ಬದಿಯನ್ನಾದರೂ ಮುಟ್ಟದೆ ಬಿಡಬೇಕು, ಕುರುಚಲನ್ನು ಕುರುಚಲಾಗಿಯೇ ಉಳಿಸಬೇಕು. ನೀರು ಕೆಟ್ಟರೆ ನೆಲ ಉಳಿಸಿಯೂ ಫಲವಿಲ್ಲ. ಪಕ್ಕದ ಚಂದಾಪುರ ಕೆರೆಯ ಮಾಲಿನ್ಯಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ರಾಜ್ಯಕ್ಕೆ ₹500 ಕೋಟಿ ಪರಿಹಾರ ವಿಧಿಸಿದ್ದನ್ನು ಇಲ್ಲಿನ ಕೈಗಾರಿಕೆಗಳೂ ನೆನಪಿಡಬೇಕು.

ಜನವಸತಿಯ ನಡುವೆ ಚಿರತೆ ಅಡಗಲು ಜಾಗ ಕೊಡಬೇಕೇ ಎಂಬ ಭಯ ಸಹಜ. ಮಕ್ಕಳಿರುವ ಮನೆಯವರ ಆತಂಕವನ್ನು ಹಗುರವಾಗಿ ಕಾಣಲಾಗದು. ಅದಕ್ಕೆಂದೇ ಯೋಜನೆ ಬೇಕು. ಕಾಡಿನ ಅಂಚಿಗೆ ಹತ್ತಿರದ ದೊಡ್ಡ ಭೂಮಿ ದೊಡ್ಡ ಪ್ರಾಣಿಗೆ, ವಸತಿ ನಡುವಿನ ತುಂಡುಗಳು ಹಕ್ಕಿ, ಚಿಟ್ಟೆ, ಉಡಗಳಿಗೆ ಎಂದು ವಿಂಗಡಿಸಬಹುದು. ಬೀದಿನಾಯಿಗಳನ್ನೂ ಅವುಗಳ ಹಿಂದೆ ಚಿರತೆಯನ್ನೂ ಕರೆತರುವ ಕಸದ ರಾಶಿಯನ್ನು ತೆಗೆಯಬಹುದು. ದಾರಿಯನ್ನೆಲ್ಲ ಮುಚ್ಚಿದರೆ ಚಿರತೆ ಮಾಯವಾಗುವುದಿಲ್ಲ. ದಿಕ್ಕು ತಪ್ಪಿ ಅಪಾರ್ಟ್‌ಮೆಂಟ್ ಆವರಣಕ್ಕೇ ಬರುತ್ತದೆ.

ನೀರು, ವಿದ್ಯುತ್, ನಿವೇಶನ ಒದಗಿಸುವ ಸಂಸ್ಥೆಗಳಿಗೆ ನಾವು ಭೂಮಿ ಕೊಟ್ಟದ್ದು ಸಾರ್ವಜನಿಕ ಹಿತಕ್ಕೆ. ಮಳೆನೀರು ಇಂಗುವ ನೆಲ, ಉರಿಬಿಸಿಲಲ್ಲಿ ತಂಪು ಕೊಡುವ ಹಸಿರು, ಅದರೊಳಗಿನ ಜೀವಸಂಕುಲ ಆ ಹಿತದ ಭಾಗವೇ. ಇನ್ನೊಂದು ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಆನೇಕಲ್ ತಾಲ್ಲೂಕಿನ ಈ ಭೂಮಿಯನ್ನು ಅಳೆದು, ಗುರುತಿಸಿ, ಕಾನೂನಿನ ರಕ್ಷಣೆಗೆ ತರುವುದು ರಾಜ್ಯ ಸರ್ಕಾರದ ಹೊಣೆ. ಅದಕ್ಕೆ ಹೊಸ ಕಾಯ್ದೆಯಾಗಲಿ, ಭೂಸ್ವಾಧೀನವಾಗಲಿ ಬೇಕಿಲ್ಲ. ಇರುವ ಅಧಿಕಾರವನ್ನು ಬಳಸುವ ಮನಸ್ಸು ಬೇಕು.