ಎಫ್‌ಪಿಎಸ್ ಆಸೆಗೆ ಸೌಂಡ್ ಕೆಡಿಸಬೇಡಿ

ಹಾಸ್ಟೆಲ್ಲಿನಲ್ಲಿ ಯಾರದಾದರೂ ಲ್ಯಾಪ್‌ಟಾಪ್‌ನಲ್ಲಿ ಗೇಮ್ ತಡವರಿಸಿದರೆ ಸಲಹೆ ಕೊಡೋರಿಗೆ ಬರವಿಲ್ಲ. ಶ್ಯಾಡೋ ಕಮ್ಮಿ ಮಾಡು, ರೆಸಲ್ಯೂಷನ್ ಇಳಿಸು, ಹಿಂದೆ ಓಡ್ತಿರೋ ಕ್ರೋಮ್ ಮುಚ್ಚು. ಇಷ್ಟೂ ಸರಿ. ಕೊನೆಗೊಬ್ಬ ಬಂದು "ಆಡಿಯೋ ಕ್ವಾಲಿಟಿನೂ ಇಳಿಸು ಮಗಾ, ಎಫ್‌ಪಿಎಸ್ ಜಾಸ್ತಿ ಬರುತ್ತೆ" ಅಂತಾನೆ. ನಮ್ಮ ತಕರಾರು ಇರೋದು ಈ ಕೊನೆಯ ಸಲಹೆಯ ಮೇಲೆ.

ಇದು ಸುಳ್ಳು ಸಲಹೆಯಲ್ಲ, ಹಳೇ ಸಲಹೆ. ಒಂದೇ ಕೋರ್ ಇದ್ದ ಪ್ರೊಸೆಸರ್‌ಗಳ ಕಾಲದಲ್ಲಿ ಹತ್ತಾರು ಶಬ್ದಗಳನ್ನು ಒಟ್ಟಿಗೆ ಮಿಕ್ಸ್ ಮಾಡೋದು ನಿಜಕ್ಕೂ ಭಾರದ ಕೆಲಸವಾಗಿತ್ತು. ಸೌಂಡ್ ಬ್ಲಾಸ್ಟರ್‌ನಂಥ ಕಾರ್ಡುಗಳು ಆ ಭಾರ ಹೊರುತ್ತಿದ್ದವು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಡೈರೆಕ್ಟ್‌ಸೌಂಡ್‌ಗೆ ಸಿಗುತ್ತಿದ್ದ ಕಾರ್ಡಿನ ನೆರವನ್ನು ತೆಗೆದುಹಾಕಿ, ಆ ಕೆಲಸವನ್ನು ಪ್ರೊಸೆಸರ್‌ಗೇ ಒಪ್ಪಿಸಿತು. ಈಗ ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 48,000 ಸ್ಯಾಂಪಲ್, ಎರಡು ಕಿವಿಗೆ ಸೇರಿ 96,000. ಅದೇ ಫುಲ್ ಎಚ್‌ಡಿ ಪರದೆಯಲ್ಲಿ 60 ಎಫ್‌ಪಿಎಸ್ ಬೇಕಂದ್ರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಪಿಕ್ಸೆಲ್. ಒಂದೊಂದು ಸ್ಯಾಂಪಲ್ಲಿನ ಹಿಂದೆ ಹಲವು ಶಬ್ದಗಳ ಲೆಕ್ಕ ಇರುತ್ತೆ, ನಿಜ. ಆದರೂ ಭಾರ ಯಾವ ಕಡೆ ಇದೆ ಅನ್ನೋದು ಸ್ಪಷ್ಟ. ಸೌಂಡ್ ಕೆಡಿಸಿ ಎಫ್‌ಪಿಎಸ್ ಹುಡುಕೋದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ.

ಸೌಂಡ್ ಸೆಟ್ಟಿಂಗ್‌ನಿಂದ ಸುಧಾರಿಸೋದು ಕಂಪ್ಯೂಟರ್ ಅಲ್ಲ, ಆಡುವವರ ಆಟ. ಎಡಗಡೆ ಹೆಜ್ಜೆ ಸಪ್ಪಳವಾದರೆ ಅದು ಬಲಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ತಲುಪುತ್ತೆ. ಇಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಹಿಡಿಯುತ್ತೆ. ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ ಅಂತ ಗೊತ್ತಾಗೋದು ಹೊರಕಿವಿಯ ಮಡಿಕೆಗಳು ಶಬ್ದವನ್ನು ತಿದ್ದುವ ರೀತಿಯಿಂದ. ಇದನ್ನೇ ಗಣಿತದಲ್ಲಿ ಹಿಡಿದು ಹೆಡ್‌ಫೋನಿಗೆ ಕೊಡೋ ವಿದ್ಯೆಗೆ ಎಚ್‌ಆರ್‌ಟಿಎಫ್ ಅಂತಾರೆ. ವ್ಯಾಲೊರಂಟ್‌ನಲ್ಲಿ ಅದೇ ಹೆಸರಿನ ಆಯ್ಕೆ ಇದೆ, ಆನ್ ಮಾಡಿ. ಆದರೆ ಅದರ ಜೊತೆ ವಿಂಡೋಸ್ ಸೋನಿಕ್, ಹೆಡ್‌ಸೆಟ್ಟಿನ 7.1 ಎಲ್ಲ ಆನ್ ಆಗಿದ್ದರೆ, ಒಮ್ಮೆ ತಿದ್ದಿದ ಶಬ್ದವನ್ನು ಮತ್ತೆ ತಿದ್ದಿ ದಿಕ್ಕು ಕಲಸುಮೇಲೋಗರ ಆಗುತ್ತೆ. ಒಂದು ಕಡೆ ಮಾತ್ರ ಇರಲಿ.

ಇನ್ನು ಬ್ಲೂಟೂತ್. ಹಾಡು ಕೇಳೋಕೆ ಚೆಂದ, ಆಡೋಕೆ ಅಲ್ಲ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನಲ್ಲಿ ಶಬ್ದ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರೋದು ಮಾಮೂಲು. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಗೆ ಹಿಡಿಯೋದು 16.7 ಮಿಲಿಸೆಕೆಂಡ್, ಅಂದ್ರೆ ಆರರಿಂದ ಹನ್ನೆರಡು ಫ್ರೇಮ್ ಹಿಂದೆ. ಇದಕ್ಕಿಂತ ದೊಡ್ಡ ಪೆಟ್ಟು ಅದೇ ಇಯರ್‌ಫೋನಿನ ಮೈಕ್ ಆನ್ ಮಾಡಿದಾಗ. ಆಗ ಅದು ಫೋನ್ ಕರೆಯ ಮೋಡ್‌ಗೆ ಇಳಿಯುತ್ತೆ. ಸ್ಟೀರಿಯೋ ಹೋಗಿ ಮೋನೋ ಆಗುತ್ತೆ, ಸ್ಯಾಂಪ್ಲಿಂಗ್ 16,000ಕ್ಕೋ 8,000ಕ್ಕೋ ಬೀಳುತ್ತೆ. ಸಿಗ್ನಲ್ಸ್ ಕ್ಲಾಸಿನಲ್ಲಿ ನೈಕ್ವಿಸ್ಟ್ ಹೇಳಿದ್ದು ನೆನಪಿದೆಯಲ್ಲ? ಅದರರ್ಧ ಆವರ್ತನದವರೆಗೆ ಮಾತ್ರ ಶಬ್ದ ಉಳಿಯೋದು. ಎಡ ಬಲವೇ ಇಲ್ಲದ ಮೇಲೆ ಎಚ್‌ಆರ್‌ಟಿಎಫ್ ಏನು ಮಾಡೀತು? ವೈರ್ ಇರೋ ಸಾದಾ ಇಯರ್‌ಫೋನ್ ಹಾಕಿ. ಅದೂ ಇಲ್ಲಾಂದ್ರೆ ಕೊನೇಪಕ್ಷ ಲ್ಯಾಪ್‌ಟಾಪಿನ ಮೈಕನ್ನೇ ಇನ್‌ಪುಟ್ ಆಗಿ ಆರಿಸಿ.

ಕೌಂಟರ್‌ಸ್ಟ್ರೈಕ್ 2ರಲ್ಲಿ ಮೆನು ಸಂಗೀತ, ರೌಂಡ್ ಶುರುವಿನ ಸಂಗೀತ, ಎಂವಿಪಿ ಸಂಗೀತ ಎಲ್ಲಕ್ಕೂ ಬೇರೆ ಬೇರೆ ವಾಲ್ಯೂಮ್ ಇದೆ. ಅವನ್ನು ಸೊನ್ನೆಗೆ ಇಳಿಸಿ. ಹತ್ತು ಸೆಕೆಂಡಿನ ಎಚ್ಚರಿಕೆಯನ್ನು ಮಾತ್ರ ಮುಟ್ಟಬೇಡಿ. ಕಿಟ್ ಇಲ್ಲದೆ ಬಾಂಬ್ ನಿಷ್ಕ್ರಿಯ ಮಾಡೋಕೆ ಹತ್ತು ಸೆಕೆಂಡ್ ಬೇಕು; ಆ ಸದ್ದು ಕೇಳಿದ ಮೇಲೂ ಕೂತು ಪ್ರಯತ್ನಿಸೋದು ಜೀವ ಕಳೆಯೋಕೆ ಮಾತ್ರ.

ಲೌಡ್‌ನೆಸ್ ಈಕ್ವಲೈಸೇಷನ್ ಬಗ್ಗೆ ನಮ್ಮಲ್ಲೇ ಎರಡು ಗುಂಪಿದೆ. ಅದು ಸಣ್ಣ ಸದ್ದನ್ನು ಎತ್ತುತ್ತೆ, ದೊಡ್ಡದನ್ನು ತಗ್ಗಿಸುತ್ತೆ. ಹೆಜ್ಜೆ ಚೆನ್ನಾಗಿ ಕೇಳುತ್ತೆ, ಒಪ್ಪೋಣ. ಆದರೆ ಹತ್ತಿರದ ಹೆಜ್ಜೆಗೂ ದೂರದ ಹೆಜ್ಜೆಗೂ ಇರೋ ಅಂತರ ಅಳಿಸಿಹೋಗುತ್ತೆ. ಶತ್ರು ಇದ್ದಾನೆ ಅಂತ ಗೊತ್ತಾಗುತ್ತೆ, ಎಷ್ಟು ದೂರ ಅಂತ ಗೊತ್ತಾಗಲ್ಲ. ಅದಕ್ಕೇ ನಮ್ಮ ಮತ ಆಫ್ ಕಡೆಗೆ.

ಹಾಗಂತ ಅದನ್ನು ಆಫ್ ಮಾಡಿ ವಾಲ್ಯೂಮ್ ನೂರಕ್ಕೆ ಏರಿಸೋದು ಇನ್ನೂ ಕೆಟ್ಟದು. ಹೆಜ್ಜೆಗೆ ಅಂತ ಏರಿಸಿದ ವಾಲ್ಯೂಮಿನಲ್ಲೇ ಸ್ನೈಪರ್ ಗುಂಡಿನ ಸದ್ದೂ ಕಿವಿಗೆ ಬಡಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು; 90 ಡೆಸಿಬೆಲ್ ಆದರೆ ವಾರಕ್ಕೆ ಬರೀ ನಾಲ್ಕು ಗಂಟೆ. ಪರೀಕ್ಷೆ ಮುಗಿದ ದಿನ ಒಂದೇ ರಾತ್ರೀಲಿ ನಾವು ಮುಗಿಸೋ ಕೋಟಾ ಅದು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಹೆಡ್‌ಫೋನ್ ಬದಲಾಯಿಸಬಹುದು, ಕಿವಿ ಆಗಲ್ಲ. ಕೋಣೆಯ ಗಲಾಟೆ ಮೀರಿ ಕೇಳಬೇಕು ಅಂತ ವಾಲ್ಯೂಮ್ ಏರಿಸೋ ಬದಲು ಬಾಗಿಲು ಹಾಕಿ, ಫ್ಯಾನ್ ಒಂದು ಪಾಯಿಂಟ್ ಇಳಿಸಿ.

ಎಲ್ಲರ ಹತ್ತಿರ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿಲ್ಲ. ಅಣ್ಣನ ಹಳೇ ಲ್ಯಾಪ್‌ಟಾಪಿನಲ್ಲಿ ಆಡೋರಿಗೆ ಒಂದು ರೂಪಾಯಿ ಖರ್ಚಿಲ್ಲದೆ ಸಿಗೋ ಅನುಕೂಲ ಇದೊಂದೇ. ಅದನ್ನೂ ಎಫ್‌ಪಿಎಸ್ ಹೆಸರಲ್ಲಿ ಕಳೆದುಕೊಳ್ಳೋದು ಬೇಡ. ಫೆಸ್ಟ್‌ನಲ್ಲಿ ಗೇಮಿಂಗ್ ಸ್ಪರ್ಧೆ ನಡೆಸೋರಿಗೂ ನಮ್ಮದೊಂದು ಮನವಿ: ಪ್ರತಿ ಪಂದ್ಯಕ್ಕೂ ಮುಂಚೆ ಆಟಗಾರರಿಗೆ ಸೌಂಡ್ ಸರಿಮಾಡಿಕೊಳ್ಳೋಕೆ ಐದು ನಿಮಿಷ ಕೊಡಿ. ಮೌಸ್ ಸೆನ್ಸಿಟಿವಿಟಿಗೆ ಕೊಡ್ತೀರಲ್ಲ, ಹಾಗೇ.